ಹತ್ತು ಸೆಂಟಿನ ಪುಸ್ತಕದ ಆಯುಸ್ಸು

1938ನೆಯ ಇಸವಿಯಲ್ಲಿ ಅಮೆರಿಕದ ವೃತ್ತಪತ್ರಿಕೆಗಳ ಅಂಗಡಿಗಳಿಗೆ ‘ಆಕ್ಷನ್ ಕಾಮಿಕ್ಸ್’ ಎಂಬ ಚಿತ್ರಕಥಾ ಪುಸ್ತಕದ ಮೊದಲನೆಯ ಸಂಚಿಕೆ ಬಂದಿತು. ಅದರ ಬೆಲೆ ಹತ್ತು ಸೆಂಟು. ಸೂಪರ್‌ಮ್ಯಾನ್ ಎಂಬ ವೀರನು ಲೋಕಕ್ಕೆ ಮೊದಲು ಕಾಣಿಸಿಕೊಂಡುದು ಅದರಲ್ಲಿಯೇ. ಹುಡುಗರು ಅದನ್ನು ಕೊಂಡು ಓದಿದರು, ಸುರುಳಿ ಸುತ್ತಿ ಜೇಬಿಗೆ ತುರುಕಿದರು, ಗೆಳೆಯರಿಗೆ ಕೊಟ್ಟು ಬೇರೊಂದನ್ನು ಪಡೆದರು. ಉಳಿದುದು ಕಸದ ಬುಟ್ಟಿಗೆ ಬಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳೆಯ ಕಾಗದವನ್ನು ಕೂಡಿಸುವ ಚಳವಳಿ ನಡೆದು ಇಂಥ ಪುಸ್ತಕಗಳು ರಾಶಿರಾಶಿಯಾಗಿ ಮತ್ತೆ ತಿರುಳಾದವು. ಹೀಗೆ ಅಳಿದುಳಿದ ಪ್ರತಿಗಳಲ್ಲಿ ಒಂದು 2014ರಲ್ಲಿ 32 ಲಕ್ಷ ಡಾಲರಿಗೂ ಇನ್ನೊಂದು 2024ರಲ್ಲಿ 60 ಲಕ್ಷ ಡಾಲರಿಗೂ ಮಾರಾಟವಾದವು.

ಬೆಲೆಯ ಮಾತನ್ನು ವ್ಯಾಪಾರಿಗಳಿಗೆ ಬಿಡೋಣ. ನಮಗೆ ಕುತೂಹಲವನ್ನು ಹುಟ್ಟಿಸುವುದು ಬೇರೊಂದು ಸಂಗತಿ. 2014ರಲ್ಲಿ ಮಾರಾಟವಾದ ಪ್ರತಿಯ ಹಾಳೆಗಳು ಎಪ್ಪತ್ತಾರು ವರ್ಷಗಳ ಮೇಲೂ ಬಿಳಿಯಾಗಿಯೇ ಇದ್ದವು. ಅದನ್ನು ಮೊದಲು ಕೊಂಡವನು ಪಶ್ಚಿಮ ವರ್ಜೀನಿಯ ಪ್ರಾಂತದಲ್ಲಿ ಅದನ್ನು ದೇವದಾರು ಮರದ ಪೆಟ್ಟಿಗೆಯಲ್ಲಿಟ್ಟು ದಶಕಗಳ ಕಾಲ ಕಾಪಾಡಿದ್ದನಂತೆ. ಆದರೆ ನಿನ್ನೆಯ ದಿನಪತ್ರಿಕೆಯನ್ನು ಬಿಸಿಲಿನಲ್ಲಿ ಬಿಟ್ಟರೆ ಮೂರು ನಾಲ್ಕು ದಿನಗಳಲ್ಲಿ ಹಳದಿಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎರಡೂ ಒಂದೇ ಜಾತಿಯ ಕಾಗದ. ಈ ಅಂತರಕ್ಕೆ ಕಾರಣವೇನು?

ಇದಕ್ಕಿಂತಲೂ ಸೋಜಿಗದ ನಿದರ್ಶನವೊಂದುಂಟು. ಕೊಲರಾಡೊ ಪ್ರಾಂತದ ಡೆನ್ವರ್ ನಗರದಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಕಾರನಿದ್ದನು. ಅವನು ಚಿತ್ರಕಥಾ ಪುಸ್ತಕಗಳನ್ನು ವರ್ಷಗಟ್ಟಲೆ ಕೊಂಡು ಮನೆಯಲ್ಲಿ ಒಂದರ ಮೇಲೊಂದು ಒತ್ತಾಗಿ ಪೇರಿಸಿಟ್ಟನು. 1977ರಲ್ಲಿ ಚಕ್ ರೊಜಾನ್‌ಸ್ಕಿ ಎಂಬ ಪುಸ್ತಕ ವ್ಯಾಪಾರಿ ಆ ಸಂಗ್ರಹವನ್ನು ಕೊಂಡಾಗ ಅದರಲ್ಲಿ 18,000ಕ್ಕೂ ಹೆಚ್ಚು ಪುಸ್ತಕಗಳಿದ್ದವು. ಅನೇಕವು ಅಂದೇ ಅಚ್ಚಾದಂತೆ ಹೊಳೆಯುತ್ತಿದ್ದವು. ಚರ್ಚ್ ಯಾವ ಔಷಧಿಯನ್ನೂ ಬಳಸಿರಲಿಲ್ಲ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರು ಎತ್ತರದಲ್ಲಿದೆ. ಅಲ್ಲಿಯ ಹವೆ ತಂಪು, ಅದಕ್ಕಿಂತ ಹೆಚ್ಚಾಗಿ ಒಣ. ಒತ್ತಾಗಿ ಜೋಡಿಸಿದ ರಾಶಿಯೊಳಗೆ ಬೆಳಕಿಗೂ ಗಾಳಿಗೂ ದಾರಿಯಿರಲಿಲ್ಲ. ಪ್ರಕೃತಿಯೇ ಆ ಮನೆಯಲ್ಲಿ ಒಂದು ಪ್ರಯೋಗವನ್ನು ನಡೆಸಿತೆನ್ನಬೇಕು.

ನಮ್ಮ ದೇಶದಲ್ಲಿಯೂ ಕಾಪಾಡತಕ್ಕ ಪುಸ್ತಕಗಳಿಗೆ ಕೊರತೆಯಿಲ್ಲ. 1964ರಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಹೊರಟು ಹಲವು ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಮಕ್ಕಳ ಕೈಸೇರಿತು, 1990ರಲ್ಲಿ ನಿಂತಿತು. 1967ರಲ್ಲಿ ‘ಅಮರ ಚಿತ್ರ ಕಥೆ’ಯನ್ನು ಹುಟ್ಟುಹಾಕಿದ ಅನಂತ ಪೈಯವರು ಕಾರ್ಕಳದವರು. ಹಳೆಯ ಸಂಚಿಕೆಗಳಲ್ಲಿ ಬಹುಪಾಲು ಇಂದು ಕೆಲವರ ಮನೆಯ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಮಾತ್ರ ಉಳಿದಿವೆ. ಆದರೆ ಕಾರ್ಕಳದ ಮಳೆಗಾಲಕ್ಕೂ ಡೆನ್ವರಿನ ಒಣ ಹವೆಗೂ ಎಲ್ಲಿಯ ಹೋಲಿಕೆ! ಅಲ್ಲಿ ಸುಮ್ಮನಿದ್ದರೆ ಉಳಿಯುವ ಪುಸ್ತಕ ಇಲ್ಲಿ ಸುಮ್ಮನಿದ್ದರೆ ಅಳಿಯುತ್ತದೆ. ಆದುದರಿಂದ ಕಾಗದದ ಸ್ವಭಾವವನ್ನು ಅರಿತುಕೊಂಡೇ ನಾವು ಈ ಕೆಲಸಕ್ಕೆ ಕೈಹಾಕಬೇಕು.

ಕಾಗದದ ಜೀವಾಳ ಸೆಲ್ಯುಲೋಸ್ ಎಂಬ ಪದಾರ್ಥ. ಗ್ಲೂಕೋಸಿನ ಸಾವಿರಾರು ಘಟಕಗಳು ಸರಪಣಿಯ ಕೊಂಡಿಗಳಂತೆ ಸೇರಿ ಅದರ ಒಂದೊಂದು ಅಣುವೂ ಆಗಿದೆ. ಸರಪಣಿ ಉದ್ದವಾಗಿರುವವರೆಗೆ ಕಾಗದಕ್ಕೆ ಬಲವುಂಟು, ಮಡಚಿದರೂ ಮುರಿಯದು. ಹಿಂದೆ ಹತ್ತಿಯ, ನಾರಿನ ಚಿಂದಿಗಳಿಂದ ಕಾಗದವನ್ನು ಮಾಡುತ್ತಿದ್ದರು. ಹತ್ತಿಯೆಂದರೆ ಬಹುಮಟ್ಟಿಗೆ ಶುದ್ಧ ಸೆಲ್ಯುಲೋಸೇ. 1840ರ ದಶಕದಲ್ಲಿ ಜರ್ಮನಿಯ ಕೆಲ್ಲರ್ ಎಂಬವನು ಮರವನ್ನೇ ಕಲ್ಲಿಗೆ ಒತ್ತಿ ಅರೆದು ತಿರುಳು ಮಾಡುವ ಉಪಾಯವನ್ನು ಕಂಡುಹಿಡಿದನು. ಕಾಗದ ಅಗ್ಗವಾಯಿತು, ದಿನಪತ್ರಿಕೆ ಮನೆಮನೆಗೆ ಬಂದಿತು. ಆದರೆ ಮರದಲ್ಲಿ ಸೆಲ್ಯುಲೋಸಿನೊಡನೆ ಲಿಗ್ನಿನ್ ಎಂಬ ಅಂಟೂ ಇರುತ್ತದೆ. ಬೆಳಕು ಮತ್ತು ಆಮ್ಲಜನಕ ಸೋಕಿದರೆ ಲಿಗ್ನಿನ್ ಮಾರ್ಪಟ್ಟು ಹಳದಿಯ, ಕಂದಿನ ಬಣ್ಣದ ಪದಾರ್ಥಗಳಾಗುತ್ತದೆ. ದಿನಪತ್ರಿಕೆ ಹಳದಿಯಾಗುವುದರ ಗುಟ್ಟು ಇದೇ. ಅಮೆರಿಕದ ಹಳೆಯ ಚಿತ್ರಕಥೆಗಳ ಒಳಹಾಳೆಗಳೆಲ್ಲ ಇಂಥ ಕಾಗದವೇ.

ಹಳದಿ ಬಣ್ಣ ಕಣ್ಣಿಗೆ ಅಸಹ್ಯವೇ ಹೊರತು ಅದೊಂದರಿಂದಲೇ ಪುಸ್ತಕ ಸಾಯುವುದಿಲ್ಲ. ಸಾವನ್ನು ತರುವುದು ಆಮ್ಲ. ಶಾಯಿ ಹರಡದಿರಲೆಂದು ಕಾಗದಕ್ಕೆ ರಾಳವನ್ನೂ ಅಲ್ಯೂಮಿನಿಯಂ ಸಲ್ಫೇಟನ್ನೂ ಸೇರಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದಿತು. ಈ ಲವಣವು ತೇವದೊಡನೆ ಸೇರಿ ಕಾಗದದೊಳಗೆ ಗಂಧಕಾಮ್ಲದ ಗುಣವನ್ನು ತರುತ್ತದೆ. ಆಮ್ಲವು ನೀರಿನ ನೆರವಿನಿಂದ ಸೆಲ್ಯುಲೋಸಿನ ಸರಪಣಿಯನ್ನು ಅಲ್ಲಲ್ಲಿ ಕಡಿಯುತ್ತದೆ. ತಾನು ಮಾತ್ರ ಸವೆಯುವುದಿಲ್ಲ. ಅಷ್ಟೇ ಅಲ್ಲ, ಕಾಗದ ಕ್ಷಯಿಸುತ್ತ ಬಂದಂತೆ ಅಸಿಟಿಕ್, ಫಾರ್ಮಿಕ್ ಮೊದಲಾದ ಹೊಸ ಆಮ್ಲಗಳು ಹುಟ್ಟುತ್ತವೆ. ಅವು ಕ್ಷಯವನ್ನು ಮತ್ತಷ್ಟು ತ್ವರೆಗೊಳಿಸುತ್ತವೆ. ಕೊನೆಗೆ ಹಾಳೆಯ ಮೂಲೆಯನ್ನು ಮಡಚಿದರೆ ಹಪ್ಪಳದಂತೆ ಮುರಿದು ಬೀಳುತ್ತದೆ. ಗ್ರಂಥಾಲಯಗಳ ಪುಸ್ತಕಗಳಿಗೆ ಮುಖ್ಯ ಶತ್ರು ಅವುಗಳೊಳಗಿನ ಆಮ್ಲವೇ ಎಂಬುದನ್ನು ಅಮೆರಿಕದ ರಿಚ್‌ಮಂಡ್ ನಗರದ ವಿಲಿಯಂ ಬ್ಯಾರೋ 1950ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದನು.

ಹಾಗಾದರೆ ವೈರಿ ಪುಸ್ತಕದೊಳಗೇ ಕುಳಿತಿದ್ದಾನೆ. ಅವನನ್ನು ಹೊರದೂಡುವುದು ನಮ್ಮ ಕೈಯಲ್ಲಿಲ್ಲ. ಕ್ಷಾರದ ನೀರಿನಲ್ಲಿ ಹಾಳೆಗಳನ್ನು ಅದ್ದಿ ಆಮ್ಲವನ್ನು ಕಳೆಯುವ ವಿಧಾನಗಳುಂಟು. ಆದರೆ ಅದು ನುರಿತವರ ಕೆಲಸ. ನಾವು ಮಾಡಬಹುದಾದುದು ಅವನ ಕೆಲಸವನ್ನು ನಿಧಾನಗೊಳಿಸುವುದು. ರಾಸಾಯನಿಕ ಕ್ರಿಯೆಯ ವೇಗ ಉಷ್ಣತೆಯೊಡನೆ ಏರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಓದಿದ್ದಾರೆ. ಹತ್ತು ಡಿಗ್ರಿ ಸೆಂಟಿಗ್ರೇಡಿಗೆ ವೇಗ ಇಮ್ಮಡಿಯಾಗುತ್ತದೆ ಎಂದು ಸ್ಥೂಲವಾಗಿ ಹಿಡಿದರೆ, 20 ಡಿಗ್ರಿಯ ಕೋಣೆಯಲ್ಲಿ ಎಂಬತ್ತು ವರ್ಷಗಳಲ್ಲಿ ಆಗುವ ಹಾನಿ 40 ಡಿಗ್ರಿಯಲ್ಲಿ ಇಪ್ಪತ್ತೇ ವರ್ಷಗಳಲ್ಲಿ ಆಗಬೇಕು. ಬೇಡವಾದ ಪುಸ್ತಕವನ್ನು ಅಟ್ಟಕ್ಕೆ ಹಾಕುವುದು ನಮ್ಮ ಮನೆಗಳ ವಾಡಿಕೆ. ಬೇಸಿಗೆಯಲ್ಲಿ ಹೆಂಚಿನ ಅಥವಾ ಕಾಂಕ್ರೀಟಿನ ಮಾಡಿನ ಕೆಳಗೆ ಎಷ್ಟು ಕಾವು ಇರುತ್ತದೆಂಬುದನ್ನು ಒಮ್ಮೆ ಉಷ್ಣಮಾಪಕವನ್ನು ಇಟ್ಟು ನೋಡಿದರೆ, ಈ ವಾಡಿಕೆಯನ್ನು ಬಿಡುವುದಕ್ಕೆ ಬೇರೆ ಉಪದೇಶ ಬೇಕಾಗದು. ಮನೆಯ ನಡುವಿನ ಕೋಣೆಯ ತಂಪಾದ, ಕತ್ತಲೆಯ ಕಪಾಟೇ ಮೇಲು.

ಬೆಳಕಿನ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಗೋಡೆಗೆ ಅಂಟಿಸಿದ ಸಿನಿಮಾ ಜಾಹೀರಾತು ಕೆಲವು ತಿಂಗಳಲ್ಲಿ ಬರಿಯ ನೀಲಿಯಾಗುವುದನ್ನು ವಾಚಕರು ಗಮನಿಸಿರಬಹುದು. ಕೆಂಪು, ಹಳದಿ ಶಾಯಿಗಳು ಮೊದಲು ಮಾಸುತ್ತವೆ, ನೀಲಿ ಕೊನೆಗೆ ಉಳಿಯುತ್ತದೆ. ಸೂರ್ಯಪ್ರಕಾಶದ ನೇರಿಳಾತೀತ ಕಿರಣಗಳು ಇದರಲ್ಲಿ ಮುಖ್ಯ ಅಪರಾಧಿಗಳು. ಅಮೂಲ್ಯವಾದ ಸಂಚಿಕೆಗೆ ಗಾಜು ಹಾಕಿಸಿ ಕಿಟಕಿಯ ಎದುರಿಗೆ ತೂಗುಹಾಕುವವರು ಅದನ್ನು ಪ್ರೀತಿಯಿಂದಲೇ ಕೊಲ್ಲುತ್ತಾರೆ.

ನಮ್ಮ ನಾಡಿನಲ್ಲಿ ನಿಜವಾದ ಕಷ್ಟವೆಂದರೆ ತೇವ. ಗಾಳಿಯು ಒಂದು ಉಷ್ಣತೆಯಲ್ಲಿ ಹಿಡಿದಿಡಬಲ್ಲ ನೀರಾವಿಯಲ್ಲಿ ನೂರಕ್ಕೆ ಎಷ್ಟು ಪಾಲು ಇದೆಯೆಂಬುದನ್ನು ಸಾಪೇಕ್ಷ ಆರ್ದ್ರತೆ ಎನ್ನುತ್ತೇವೆ. ಪುಸ್ತಕಕ್ಕೆ ಶೇಕಡ 40ರಿಂದ 50 ಹಿತವಾದುದು. ಶೇಕಡ 65–70ನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟು ಹಿಡಿಯುವುದಕ್ಕೆ ಅನುಕೂಲ. ಪುಸ್ತಕವನ್ನು ಹೊಲಿದ ತಂತಿಯ ಪಿನ್ನು ತುಕ್ಕು ಹಿಡಿದು ನಡುಹಾಳೆಯ ಮೇಲೆ ಕಂದು ಕಲೆಯನ್ನು ಬಿಡುತ್ತದೆ. ಕರಾವಳಿಯಲ್ಲಿ ಜುಲೈ ತಿಂಗಳ ಆರ್ದ್ರತೆ ಶೇಕಡ 85ಕ್ಕೂ ಮೀರುವುದು ಸಾಮಾನ್ಯ. ಅಂಥ ಗಾಳಿ 28 ಡಿಗ್ರಿಯಲ್ಲಿದ್ದರೆ ಅದರ ಇಬ್ಬನಿಯ ಬಿಂದು ಸುಮಾರು 25 ಡಿಗ್ರಿ. ಎಂದರೆ ಮಳೆಗೆ ನೆನೆದ ಹೊರಗೋಡೆ ಮೂರೇ ಡಿಗ್ರಿ ತಣ್ಣಗಿದ್ದರೂ ಅದಕ್ಕೆ ತಾಗಿದ ಉಕ್ಕಿನ ಬೀರುವಿನ ಹಿಂಬದಿಯಲ್ಲಿ ನೀರು ಹನಿಗಟ್ಟುತ್ತದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರಕ್ಕೆ ಸರಿಸುವುದರಿಂದ ಬಹಳ ಉಪಕಾರವಾಗುತ್ತದೆ. ಇದಕ್ಕೆ ಖರ್ಚೂ ಇಲ್ಲ.

ತೇವವನ್ನು ಹೀರಲು ಸಿಲಿಕಾ ಜೆಲ್ ಎಂಬ ಹರಳುಗಳು ಸಿಗುತ್ತವೆ. ಅವು ತಮ್ಮ ತೂಕದ ಮೂರರಲ್ಲೊಂದು ಪಾಲಿನವರೆಗೂ ನೀರನ್ನು ಹಿಡಿದುಕೊಳ್ಳಬಲ್ಲವು. ತುಂಬಿದಾಗ ಬಣ್ಣ ತಿರುಗುವ ಹರಳುಗಳೂ ಉಂಟು. ನೀಲಿಯಿಂದ ನಸುಗೆಂಪಿಗೆ ತಿರುಗುವ ಜಾತಿಯಲ್ಲಿ ವಿಷಕರವಾದ ಕೋಬಾಲ್ಟ್ ಲವಣವಿರುವುದರಿಂದ ಕಿತ್ತಳೆ ಬಣ್ಣದವನ್ನು ಆರಿಸುವುದು ವಿಹಿತ. ಕಾಯಿಸಿ ಒಣಗಿಸಿದರೆ ಅವನ್ನು ಮತ್ತೆ ಬಳಸಬಹುದು. ಆದರೆ ಬಾಗಿಲು ಸಂದುಬಿಟ್ಟ ಬೀರುವಿನಲ್ಲಿ ಒಂದು ಹಿಡಿ ಹರಳುಗಳನ್ನಿಡುವುದು ಕೆರೆಯನ್ನು ಚಮಚದಿಂದ ಬತ್ತಿಸಲು ಹೊರಟಂತೆ. ಮುಚ್ಚಳ ಭದ್ರವಾದ ಪೆಟ್ಟಿಗೆಯಲ್ಲಿ ಮಾತ್ರ ಅವು ಸಾರ್ಥಕ.

ಇಲ್ಲಿ ಒಂದು ಇಕ್ಕಟ್ಟು ತಲೆದೋರುತ್ತದೆ. ಭದ್ರವಾಗಿ ಮುಚ್ಚಿದರೆ ಹೊರಗಿನ ತೇವ ಒಳಬಾರದು, ನಿಜ. ಒಳಗೆ ಹುಟ್ಟಿದ ಆಮ್ಲದ ಆವಿಯೂ ಹೊರಹೋಗದು. ಮುಚ್ಚಿದ ಲಕ್ಕೋಟೆಯಲ್ಲಿ ಕಾಗದವು ಬಿಡಿಹಾಳೆಗಿಂತ ಬೇಗ ಮುಪ್ಪಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಪರಿಹಾರವೆಂದರೆ ಪ್ರತಿ ಪುಸ್ತಕದ ಹಿಂದೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ ಮಾಡಿದ ಆಮ್ಲರಹಿತ ರಟ್ಟನ್ನು ಇಡುವುದು. ಅದು ಆಮ್ಲವನ್ನು ಹೀರಿ ಶಮನಗೊಳಿಸುತ್ತದೆ. ಸಾಮಾನ್ಯ ಬೂದುಬಣ್ಣದ ರಟ್ಟನ್ನಾಗಲಿ ಬಿಸ್ಕತ್ತಿನ ಡಬ್ಬಿಯ ರಟ್ಟನ್ನಾಗಲಿ ಇಟ್ಟರೆ ಆಮ್ಲಕ್ಕೆ ಆಮ್ಲವನ್ನೇ ಜೊತೆಗೂಡಿಸಿದಂತಾಯಿತು. ಮಳೆಗಾಲದಲ್ಲಿ ಮುಚ್ಚಿಟ್ಟು, ಜನವರಿ ಫೆಬ್ರವರಿಯ ಒಣದಿನಗಳಲ್ಲಿ ನೆರಳಿನಲ್ಲಿ ತೆರೆದು ಗಾಳಿಯಾಡಿಸುವುದು ನಮ್ಮ ಹವೆಗೆ ಹೊಂದುವ ಕ್ರಮವೆಂದು ನಮ್ಮ ಅಭಿಪ್ರಾಯ.

ಪೆಟ್ಟಿಗೆಯಲ್ಲಿ ಇಡಲು ಅಗ್ಗದ ಆರ್ದ್ರತಾಮಾಪಕಗಳು ಸಿಗುತ್ತವೆ. ಅವು ತೋರಿಸುವ ಅಂಕಿ ಎಷ್ಟು ನಂಬಿಕೆಗೆ ಅರ್ಹವೋ ಹೇಳಲಾಗದು. ಅದನ್ನು ಪರೀಕ್ಷಿಸುವುದು ವಿದ್ಯಾರ್ಥಿಗಳಿಗೆ ಸೊಗಸಾದ ಪ್ರಯೋಗ. ಒಂದು ಬಟ್ಟಲಿನಲ್ಲಿ ಅಡುಗೆ ಉಪ್ಪಿಗೆ ಅದು ಪೂರ್ತಿ ಕರಗದಷ್ಟು, ಒದ್ದೆ ಮರಳಿನಂತಾಗುವಷ್ಟು ನೀರು ಹಾಕಿ, ಮಾಪಕದೊಡನೆ ಒಂದು ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡಿ. ಒಂದು ದಿನದ ಮೇಲೆ ಡಬ್ಬಿಯೊಳಗಿನ ಆರ್ದ್ರತೆ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಕೋಣೆಗಳ ಉಷ್ಣತೆಯ ಏರಿಳಿತದಿಂದ ಇದು ಹೆಚ್ಚೇನೂ ಬದಲಾಗುವುದಿಲ್ಲ. ನಿಮ್ಮ ಮಾಪಕ 82 ಎಂದು ತೋರಿಸಿದರೆ ಆ ಆಸುಪಾಸಿನ ಅಂಕಿಗಳಿಂದ ಏಳನ್ನು ಕಳೆಯಬೇಕೆಂದು ಗುರುತು ಹಾಕಿಕೊಳ್ಳಿ.

ಇನ್ನು ಪುಸ್ತಕವನ್ನು ಹಾಕಿಡುವ ಚೀಲ. ಪ್ಲಾಸ್ಟಿಕ್ಕುಗಳೆಲ್ಲ ಒಂದೇ ಅಲ್ಲ. ಪಾಲಿವಿನೈಲ್ ಕ್ಲೋರೈಡಿನ ಮೆತ್ತನೆಯ ಹಾಳೆ ಕಾಲಕ್ರಮದಲ್ಲಿ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ದ್ರವವು ಹೊರಬಂದು ಮುಖಪುಟದ ಶಾಯಿಯನ್ನು ಅಂಟಿಸಿಕೊಳ್ಳುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್ ಚೀಲಗಳು ಮಧ್ಯಮ; ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು. 1950ರ ದಶಕದಲ್ಲಿ ಮೈಲಾರ್ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದ ಪಾಲಿಯೆಸ್ಟರ್ ಹಾಳೆಯೇ ಉತ್ತಮ. ಗುರುತಿಸುವುದು ಹೇಗೆ? ಒಂದು ತುಣುಕನ್ನು ನೀರಿನಲ್ಲಿ ಮುಳುಗಿಸಿ ಗಾಳಿಗುಳ್ಳೆಗಳನ್ನು ಒರಸಿ ಬಿಡಿ. ತೇಲಿದರೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಮುಳುಗಿದರೆ ಪಾಲಿಯೆಸ್ಟರ್ ಇರಬಹುದು, ವಿನೈಲೂ ಇರಬಹುದು. ಆಗ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ತುಣುಕಿಗೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿದರೆ ವಿನೈಲಿನಲ್ಲಿರುವ ಕ್ಲೋರೀನಿನಿಂದ ಜ್ವಾಲೆ ಹಸುರಾಗುತ್ತದೆ. ಬೈಲ್‌ಸ್ಟೈನ್ ಎಂಬ ರಸಾಯನಶಾಸ್ತ್ರಜ್ಞನ ಪರೀಕ್ಷೆ ಇದು. ಹೊಗೆ ವಿಷವಾದುದರಿಂದ ಇದನ್ನು ಮನೆಯಲ್ಲಿ ಮಾಡದೆ, ಉಪಾಧ್ಯಾಯರ ಎದುರಿನಲ್ಲಿ ಪ್ರಯೋಗಶಾಲೆಯಲ್ಲಿಯೇ ಮಾಡತಕ್ಕದ್ದು. ಕಡಲೆಕಾಳಿನಷ್ಟು ತುಣುಕು ಸಾಕು.

ಬೆಳ್ಳಿಹುಳು, ಜಿರಳೆ, ಗೆದ್ದಲುಗಳ ಕಾಟವನ್ನು ಕಾಣದ ಮನೆ ನಮ್ಮಲ್ಲಿಲ್ಲ. ಬೆಳ್ಳಿಹುಳುವಿಗೆ ಗಂಜಿಯ ಅಂಶ ಪ್ರಿಯ, ತೇವ ಅನಿವಾರ್ಯ. ಆರ್ದ್ರತೆ ಇಳಿದರೆ ಅದೂ ಹಿಂಜರಿಯುತ್ತದೆ. ನುಸಿಗುಳಿಗೆಯ ಆವಿ ಹುಳುಗಳನ್ನು ದೂರವಿಡಬಹುದು, ಆದರೆ ಅದನ್ನು ದಿನವೂ ಉಸಿರಾಡುವುದು ನಮಗೇ ಒಳ್ಳೆಯದಲ್ಲ. ಬೇವಿನ ಎಲೆಯನ್ನು ಇಡುವವರು ಪೂರ್ತಿ ಒಣಗಿದುದನ್ನೇ ಇಡಬೇಕು. ಹಸಿ ಎಲೆ ತೇವವನ್ನು ತರುತ್ತದೆ. ಹುಳು ಹಿಡಿದ ಪುಸ್ತಕವನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ −20 ಡಿಗ್ರಿಯ ಶೈತ್ಯಪೆಟ್ಟಿಗೆಯಲ್ಲಿ ಒಂದೆರಡು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವವರೆಗೆ ಚೀಲವನ್ನು ಬಿಚ್ಚಬಾರದು; ಬಿಚ್ಚಿದರೆ ತಣ್ಣನೆಯ ಪುಸ್ತಕದ ಮೇಲೆ ಗಾಳಿಯ ನೀರಾವಿಯೆಲ್ಲ ಹನಿಯಾಗಿ ಇಳಿಯುತ್ತದೆ.

ಹರಿದುದನ್ನು ಅಂಟಿಸುವ ಆತುರ ಎಲ್ಲರಿಗೂ ಉಂಟು. ಪಾರದರ್ಶಕವಾದ ಅಂಟುಪಟ್ಟಿಯನ್ನು ಹಚ್ಚಿದ ದಿನ ಹರಕು ಮಾಯವಾದಂತೆ ತೋರುತ್ತದೆ. ಹಲವು ವರ್ಷಗಳ ಮೇಲೆ ಪಟ್ಟಿ ಉದುರಿಹೋಗಿ ಅದರ ಅಂಟು ಮಾತ್ರ ಕಾಗದದೊಳಗೆ ಇಳಿದು, ತೊಳೆಯಲಾಗದ ಕಂದು ಕಲೆಯಾಗಿ ನಿಲ್ಲುತ್ತದೆ. ಮೈದಾ ಅಂಟಿಗೆ ಹುಳು ಬಾರದಿರಲೆಂದು ಮೈಲುತುತ್ತವನ್ನು ಬೆರೆಸುವ ರೂಢಿಯೂ ಉಂಟು. ಅದರಲ್ಲಿರುವ ತಾಮ್ರ ಸೆಲ್ಯುಲೋಸಿನ ಉತ್ಕರ್ಷಣವನ್ನು ತ್ವರೆಗೊಳಿಸುತ್ತದೆ. ಅಂಗಡಿಗಳಲ್ಲಿ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಕಾಸಿ ಒತ್ತಿಸುವುದಂತೂ ಎಂದಿಗೂ ಕೂಡದು, ಏಕೆಂದರೆ ಅದನ್ನು ಮರಳಿ ಬಿಡಿಸಲಾಗದು. ಜಪಾನಿನ ತೆಳುಕಾಗದದ ಪಟ್ಟಿಯನ್ನು ಶುದ್ಧ ಗೋಧಿಗಂಜಿಯ ಅಂಟಿನಿಂದ ಹಚ್ಚುವ ಸಂರಕ್ಷಕರ ಕ್ರಮದಲ್ಲಿ, ಮುಂದೆ ಬೇಕೆಂದಾಗ ತುಸು ನೀರಿನಿಂದಲೇ ಅದನ್ನು ತೆಗೆಯಬಹುದು. ಅಂಥವರು ದೊರೆಯುವವರೆಗೆ ಹರಿದ ಹಾಳೆಯನ್ನು ಹರಿದಂತೆಯೇ ಒಂದು ಚೀಲದಲ್ಲಿ ಚಪ್ಪಟೆಯಾಗಿ ಇಡಿ. ಉದುರಿದ ಚೂರುಗಳಿದ್ದರೆ ಅವನ್ನೂ ಅದರೊಡನೆಯೇ ಹಾಕಿಡಿ.