ನೆತ್ತರು ಹೇಳುವ ಸುದ್ದಿ

ಹುನಗುಂದದ ಎರೆಹೊಲಗಳಲ್ಲಿ ಜೋಳದ ಕೊಯ್ಲು ಮುಗಿದ ಮೇಲೆ ಬರಿಗಾಲಿಗೆ ಕೂಳೆ ಚುಚ್ಚುವುದು ಹೊಸದಲ್ಲ. ನನ್ನ ಸೋದರತ್ತೆಗೂ ಚುಚ್ಚಿತು. ಅರಿಸಿನ ಮೆತ್ತಿ, ಬಟ್ಟೆ ಕಟ್ಟಿ, ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಚಳಿಜ್ವರ, ಸಂಜೆಗೆ ಹೆತ್ತ ಮಗನನ್ನೇ "ಯಾರಪ್ಪಾ ನೀನು?" ಎಂದು ಕೇಳಿದರು. ಓಣಿಯ ಹಿರಿಯರು "ನಂಜೇರಿತು" ಎಂದರು. ಆ ರಾತ್ರಿಯೇ ಬಾಗಲಕೋಟೆಯ ದಾರಿ ಹಿಡಿದುದರಿಂದ ಅತ್ತೆ ಇಂದಿಗೂ ನಮ್ಮೊಡನಿದ್ದಾರೆ.

ವೈದ್ಯರು 'ಸೆಪ್ಸಿಸ್' ಎನ್ನುವುದರ ಅರ್ಧ ಅರ್ಥ ನಮ್ಮ ಹಿರಿಯರ ಆ ಒಂದು ಮಾತಿನಲ್ಲಿದೆ. ಗ್ರೀಕಿನಲ್ಲಿ ಆ ಶಬ್ದಕ್ಕೆ ಕೊಳೆಯುವಿಕೆ ಎಂದರ್ಥ. ಉಳಿದರ್ಧ 2016ರ ವ್ಯಾಖ್ಯೆಯಲ್ಲಿದೆ: ಕೇಡು ರೋಗಾಣುವಿನದೊಂದೇ ಅಲ್ಲ, ಅದನ್ನೆದುರಿಸಲು ಹೊರಟ ದೇಹವೇ ಹದತಪ್ಪಿ ತನ್ನ ಮೂತ್ರಪಿಂಡ, ಶ್ವಾಸಕೋಶಗಳನ್ನು ಘಾಸಿಗೊಳಿಸುತ್ತದೆ. ಇಲಿಯ ಮೇಲಣ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟ ಕಥೆ! 2017ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಮಂದಿ ಇದಕ್ಕೀಡಾದರೆಂದೂ 1 ಕೋಟಿ 10 ಲಕ್ಷ ಮಂದಿ ಮಡಿದರೆಂದೂ ತಜ್ಞರ ಅಂದಾಜು.

ರಕ್ತದಿಂದ ರೋಗಾಣುವನ್ನು ಬೆಳೆಸಿ ಗುರುತಿಸಲು ಒಂದೆರಡು ದಿನ, ಒಮ್ಮೊಮ್ಮೆ ಐದು ದಿನ ಬೇಕು. ರೋಗಿಯದಾದರೋ ಗಂಟೆಗಳ ಲೆಕ್ಕ. ಆದುದರಿಂದಲೇ ನೆತ್ತರಿನಲ್ಲಿ ಬೇಗ ಕಾಣುವ ಕುರುಹುಗಳ ಹುಡುಕಾಟ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನನ್ನು ಕಂಡರು. ಅದು ಸ್ವಲ್ಪ ಬಾಯಿಬಡುಕ ಸಾಕ್ಷಿ. ಎಂತಹ ಉರಿಯೂತಕ್ಕೂ ಕೂಗಿಕೊಳ್ಳುತ್ತದೆ. 1993ರಲ್ಲಿ ಫ್ರೆಂಚ್ ವಿಜ್ಞಾನಿಗಳು ಗುರುತಿಸಿದ ಪ್ರೋಕ್ಯಾಲ್ಸಿಟೋನಿನ್ ಇದಕ್ಕಿಂತ ನಂಬಿಕಸ್ಥ. ಆರೋಗ್ಯವಂತರಲ್ಲಿ ಇಲ್ಲವೆಂಬಷ್ಟೇ ಇರುವ ಅದು, ಬ್ಯಾಕ್ಟೀರಿಯಾಗಳ ಸೋಂಕು ಬಲಿತಾಗ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಔಷಧ ನಾಟಿತೆಂದರೆ ದಿನಕ್ಕೆ ಅರ್ಧದಂತೆ ಇಳಿಯುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯಾದವರಲ್ಲಿಯೂ ಏರುವುದುಂಟು. ಆದಕಾರಣ ಇದೊಂದನ್ನೇ ನೆಚ್ಚಿ ತೀರ್ಪು ಕೊಡಲಾಗದು.

ನನ್ನನ್ನು ಹೆಚ್ಚು ಬೆರಗುಗೊಳಿಸಿದುದು ಇನ್ನೊಂದು ಸಂಗತಿ. ಸೆಪ್ಸಿಸ್‌ನಲ್ಲಿ ರಕ್ತನಾಳಗಳ ಒಳಪೊರೆ ಹರಿದು ಸೋರತೊಡಗುತ್ತದೆ. ಆಗ ಅಸ್ಥಿಮಜ್ಜೆಯಿಂದ ಕೆಲವು ಮೂಲಜೀವಕೋಶಗಳು ನೆತ್ತರಿಗಿಳಿದು ದುರಸ್ತಿಗೆ ಹೊರಡುತ್ತವೆಂದು ಸಂಶೋಧಕರು ಬಗೆದಿದ್ದಾರೆ. ಸೀರೆಯ ಮೈಗೂ ಸೆರಗಿಗೂ ಎಳೆಯೆಳೆಯಾಗಿ ಕೊಂಡಿ ಹಾಕುವ ಇಳಕಲ್ಲಿನ ನೇಕಾರರ ನೆನಪು ನನಗಾಯಿತು. ಇಂತಹ ಕೋಶಗಳು ನಮ್ಮ ರಕ್ತದಲ್ಲಿ ಸಂಚರಿಸುತ್ತವೆಂದು 1997ರಲ್ಲಿ ಅಸಹಾರಾ ಮತ್ತು ಸಂಗಡಿಗರು ತಿಳಿಸಿದರು. ಬದುಕಿ ಉಳಿದ ರೋಗಿಗಳಲ್ಲಿ ಇವುಗಳ ಸಂಖ್ಯೆ ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳಿದರೆ, ಸೆಪ್ಸಿಸ್‌ನಲ್ಲಿ ಅವು ಕುಗ್ಗುತ್ತವೆಂದು ಬೇರೆ ಕೆಲವು ಹೇಳಿವೆ. ವಾದವಿನ್ನೂ ಮುಗಿದಿಲ್ಲ.

ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜೂ ಅದರ ಕುಮಾರೇಶ್ವರ ಆಸ್ಪತ್ರೆಯೂ ಇರುವುದು ಬಾದಾಮಿ, ಹುನಗುಂದ, ಇಳಕಲ್ಲಿನವರಿಗೆ ದೊಡ್ಡ ಆಸರೆ. ಆದರೆ ಇಳಕಲ್ಲಿನಿಂದ ಅಲ್ಲಿಗೆ ಗಂಟೆಗೂ ಮಿಕ್ಕಿದ ಹಾದಿ. ಹೊರಡುವ ಹೊತ್ತನ್ನು ತಿಳಿಯಲು ಯಾವ ಯಂತ್ರವೂ ಬೇಡ: ಸೋಂಕಾದವರ ಉಸಿರು ನಿಮಿಷಕ್ಕೆ 22 ಸಲ ಮುಟ್ಟಿತೆ, ಮಾತು ತಡವರಿಸಿತೆ, ಮೂತ್ರ ಕಡಮೆಯಾಯಿತೆ ಎಂದು ಮನೆಯವರೇ ನೋಡಬಹುದು. ಅತ್ತೆಯ ಮಗ ನೋಡಿದುದು ಎರಡನೆಯದನ್ನು; ನಡುರಾತ್ರಿ ಬಾಡಿಗೆ ಜೀಪು ಸಿಕ್ಕಿತು.