ಮಾಥೇರಾನ್: ನಡೆದೇ ನೋಡಬೇಕಾದ ಊರು

ಮುಲುಂಡ್‌ನಲ್ಲಿರುವ ನಮಗೆ ಬೆಟ್ಟವೇನೂ ಹೊಸತಲ್ಲ. ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ರಾಷ್ಟ್ರೀಯ ಉದ್ಯಾನದ ಗುಡ್ಡಗಳು ಕಾಣುತ್ತವೆ. ಆದರೆ ಬೆಟ್ಟದ ಮೇಲೆ ಒಂದು ಊರಿದೆ, ಅಲ್ಲಿಗೆ ಕಾರು-ಬೈಕುಗಳಿಗೆ ಪ್ರವೇಶವೇ ಇಲ್ಲ ಎಂದರೆ ನನ್ನ ತರಗತಿಯ ಮಕ್ಕಳು ನಂಬುವುದಿಲ್ಲ. "ಹಾಗಾದ್ರೆ ಸಾಮಾನು ಹೇಗೆ ಹೋಗುತ್ತೆ ಟೀಚರ್?" ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮಾಥೇರಾನ್‌ಗೆ ಹೊರಡುವ ಮೊದಲು ನೀವೂ ಅದನ್ನು ಕೇಳಿಕೊಳ್ಳಿ.

ದಾರಿ ಸುಲಭ. ಮುಲುಂಡ್‌ನಿಂದ ಮುಂದಿನ ನಿಲ್ದಾಣ ಠಾಣೆ. ಅಲ್ಲಿ ಕರ್ಜತ್ ಅಥವಾ ಖೋಪೋಲಿ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿಯಿರಿ. ನೇರಳ್‌ನಿಂದ ಪುಟ್ಟ ರೈಲು ಇದೆ, ಇಲ್ಲವಾದರೆ ಶೇರ್ ಟ್ಯಾಕ್ಸಿ. ಟ್ಯಾಕ್ಸಿ ದಸ್ತುರಿ ನಾಕಾದವರೆಗೆ ಮಾತ್ರ. ಪ್ರವೇಶ ಶುಲ್ಕ ಕಟ್ಟಿ ಅಲ್ಲಿಂದ ಸುಮಾರು ಎರಡೂವರೆ-ಮೂರು ಕಿಲೋಮೀಟರ್ ನಡೆದರೆ ಪೇಟೆ. ಮಳೆಗಾಲದಲ್ಲಿ ನೇರಳ್‌ನಿಂದ ರೈಲು ಇರುವುದಿಲ್ಲ. ದಸ್ತುರಿ ಹತ್ತಿರದ ಅಮನ್ ಲಾಡ್ಜ್‌ನಿಂದ ಮೇಲಕ್ಕೆ ಮಾತ್ರ ಓಡುತ್ತದೆ.

ಈ ಊರನ್ನು 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ 'ಕಂಡುಹಿಡಿದ' ಎಂದು ಪುಸ್ತಕಗಳಲ್ಲಿ ಓದುತ್ತೀರಿ. ಮಕ್ಕಳಿಗೆ ಹೇಳುವಾಗ ಒಂದು ಮಾತು ಸೇರಿಸಿ: ಠಾಕರ್, ಕಾತಕರಿ, ಧನಗರ ಜನ ಈ ಕಾಡಿನಲ್ಲಿ ಅದಕ್ಕೂ ಮೊದಲೇ ಇದ್ದರು. 'ಮಾಥೇರಾನ್' ಎಂದರೆ ತಲೆಯ ಮೇಲಿನ ಕಾಡು. ಹೆಸರಿಟ್ಟವರು ಕಲೆಕ್ಟರ್ ಸಾಹೇಬರಲ್ಲ, ಅದು ಇಲ್ಲಿಯ ಭಾಷೆಯ ಮಾತು.

ರೈಲಿನ ಕಥೆಯನ್ನಂತೂ ವಿದ್ಯಾರ್ಥಿಗಳು ತಿಳಿಯಲೇಬೇಕು. ಮುಂಬೈಯ ದಾವೂದಿ ಬೊಹ್ರಾ ಉದ್ಯಮಿ ಸರ್ ಆದಮ್‌ಜಿ ಪೀರ್‌ಭಾಯ್ ಅವರ ಮಗ ಅಬ್ದುಲ್ ಹುಸೇನ್ ಇದನ್ನು ಕಟ್ಟಿಸಿದರು. ಖರ್ಚು ಆ ಕಾಲದ 16 ಲಕ್ಷ ರೂಪಾಯಿ. 1907ರಲ್ಲಿ ರೈಲು ಓಡತೊಡಗಿತು. ಹಳಿಗಳ ನಡುವಿನ ಅಗಲ ಬರೀ ಎರಡು ಅಡಿ, ದಾರಿ ಸುಮಾರು 21 ಕಿ.ಮೀ. ಕೆಲವು ಕಡೆ 20 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಅದಕ್ಕೇ ಅದು ಹಾವಿನಂತೆ ಸುತ್ತಿ ಸುತ್ತಿ ಹತ್ತುತ್ತದೆ. 2005ರ ಜುಲೈ ಮಳೆಗೆ ಹಳಿ ಕೊಚ್ಚಿಹೋಗಿ, ಮತ್ತೆ ಓಡಿದ್ದು 2007ರಲ್ಲಿ.

ಮೇಲೆ ಸುಮಾರು 800 ಮೀಟರ್ ಎತ್ತರದಲ್ಲಿ ನಮ್ಮ ಕರಾವಳಿಯಂಥದೇ ಜಂಬಿಟ್ಟಿಗೆ ಮಣ್ಣು. ಬಿಳಿ ಚಪ್ಪಲಿ ಸಂಜೆಗೆ ಕೆಂಪಾಗಿರುತ್ತದೆ. ಮರದ ಮೇಲೆ ಕೆಂಜಳಿಲು ಕಂಡರೆ ಅದೃಷ್ಟ. ಕೋತಿಗಳು ಮಾತ್ರ ಖಂಡಿತ ಕಾಣುತ್ತವೆ, ಕೈಯ ಚಿಕ್ಕಿ ಜೋಪಾನ. ಶಾರ್ಲಟ್ ಕೆರೆಗೆ ಇಳಿಯಬೇಡಿ, ಊರು ಕುಡಿಯುವುದು ಅದರ ನೀರನ್ನೇ. 2003ರಲ್ಲಿ ಕೇಂದ್ರ ಸರ್ಕಾರ ಇಡೀ ಬೆಟ್ಟವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದೆ.

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಸಾಮಾನು ಹೋಗುತ್ತಿದ್ದದ್ದು ಕುದುರೆಯ ಬೆನ್ನಿನ ಮೇಲೆ, ಮನುಷ್ಯರ ತಲೆಯ ಮೇಲೆ. ನಡೆಯಲಾಗದವರು ಹೋಗುತ್ತಿದ್ದದ್ದು ಕೈ ರಿಕ್ಷಾದಲ್ಲಿ. ಕೆಲವು ವರ್ಷದ ಹಿಂದೆ ಅಮ್ಮಿಯನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಮಂಡಿನೋವು, ಬೇರೆ ದಾರಿ ಇರಲಿಲ್ಲ. ಒಬ್ಬರು ಮುಂದೆ ಎಳೆಯುತ್ತಿದ್ದರು, ಇಬ್ಬರು ಹಿಂದಿನಿಂದ ತಳ್ಳುತ್ತಿದ್ದರು. ಏರು ಬಂದಾಗ ಎಳೆಯುವವರ ಉಸಿರು ಕೇಳಿ ಅಮ್ಮಿ "ಬೇಟಾ, ನನ್ನನ್ನು ಇಳಿಸು" ಎಂದರು. ಆತ ನಿಲ್ಲಲಿಲ್ಲ. "ನೀವು ಇಳಿದರೆ ನಮ್ಮ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು, ಅಮ್ಮಾ?" ಎಂದರು. ಅಮ್ಮಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಉತ್ತರ ಹುಡುಕಿದವರು ಆ ರಿಕ್ಷಾ ಎಳೆಯುವವರೇ. ನಮಗೆ ಇ-ರಿಕ್ಷಾ ಕೊಡಿ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. ಕುದುರೆಯವರು ವಿರೋಧಿಸಿದರು, ಅವರಿಗೂ ಹೊಟ್ಟೆಪಾಡಿನ ಭಯ. 2022ರಲ್ಲಿ ಪ್ರಾಯೋಗಿಕವಾಗಿ ಇ-ರಿಕ್ಷಾಗೆ ಒಪ್ಪಿಗೆ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ನ್ಯಾಯಾಲಯ, ಮನುಷ್ಯ ಮನುಷ್ಯನನ್ನು ಎಳೆಯುವುದು ಘನತೆಗೆ ವಿರುದ್ಧ, ಆರು ತಿಂಗಳೊಳಗೆ ಇದನ್ನು ನಿಲ್ಲಿಸಿ, ಎಳೆಯುವವರಿಗೆ ಇ-ರಿಕ್ಷಾದ ಮೂಲಕ ಬದುಕು ಕೊಡಿ ಎಂದು ಆದೇಶಿಸಿತು. ಹಳೆಯ ರೂಢಿ ಎಂಬ ಕಾರಣಕ್ಕೆ ಎಲ್ಲವನ್ನೂ ಉಳಿಸಿಕೊಳ್ಳಬೇಕಿಲ್ಲ ಅಲ್ವಾ? ಕಾರಿಲ್ಲದ ದಾರಿ ಉಳಿಯಲಿ, ಕೈ ರಿಕ್ಷಾ ಹೋಗಲಿ.

ನೀವು ಹೋದಾಗ ಕಾಲಲ್ಲಿ ಶಕ್ತಿಯಿದ್ದರೆ ನಡೆಯಿರಿ. ಹಿರಿಯರಿದ್ದರೆ ಪುಟ್ಟ ರೈಲು ಅಥವಾ ಇ-ರಿಕ್ಷಾ ಹಿಡಿಯಿರಿ. ಚೀಲ ಹೊರುವವರ ಜೊತೆ ಕೂಲಿ ಮೊದಲೇ ಮಾತಾಡಿಕೊಳ್ಳಿ, ಹತ್ತು ರೂಪಾಯಿಗೆ ಚೌಕಾಸಿ ಬೇಡ. ಚೀಲವನ್ನೇ ಹಗುರ ಮಾಡಿಕೊಂಡು ಹೋದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಕಸವನ್ನು ವಾಪಸ್ ತನ್ನಿ. ಅದನ್ನೂ ಆ ಬೆಟ್ಟದಿಂದ ಯಾರಾದರೂ ಹೊತ್ತೇ ಇಳಿಸಬೇಕು.