ಒಂದು ಕ್ಷಣಕ್ಕೆ ಒಂದು ತಿಂಗಳು

ಊಟದ ಮೇಜಿನ ಮುಂದೆ ಒಬ್ಬಳು ಹುಡುಗಿ ಕೂತಿದ್ದಾಳೆ. ಗುಲಾಬಿ ಅಂಗಿ, ಕೆದರಿದ ಕೂದಲು, ಕೈಯಲ್ಲಿ ಒಂದು ಪೀಚ್ ಹಣ್ಣು. ಹೊರಗೆ ಆಡ್ತಾ ಇದ್ದವಳು ಈಗಷ್ಟೇ ಓಡಿ ಬಂದ ಹಾಗೆ, ಇನ್ನೊಂದು ನಿಮಿಷದಲ್ಲಿ ಮತ್ತೆ ಎದ್ದು ಓಡುವ ಹಾಗೆ ಕಾಣ್ತಾಳೆ. ರಷ್ಯಾದ ಕಲಾವಿದ ವ್ಯಾಲೆಂಟಿನ್ ಸೆರೋವ್ 1887ರಲ್ಲಿ ಬರೆದ ಈ ಚಿತ್ರದ ಹೆಸರು 'ಪೀಚ್ ಹಣ್ಣಿನ ಹುಡುಗಿ'.

ಆದರೆ ನಿಜ ಏನು ಗೊತ್ತಾ? ಆ ಹುಡುಗಿ ಅಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ದಿನಾ ಬಂದು ಕೂತಿದ್ದಳು!

ಅವಳು ವೆರಾ, ವಯಸ್ಸು 11. ಅಪ್ಪ ಸವ್ವಾ ಮಾಮೊಂತೊವ್ ರೈಲ್ವೆ ಕಟ್ಟಿಸಿದ ದೊಡ್ಡ ಉದ್ಯಮಿ. ಮಾಸ್ಕೋ ಹತ್ತಿರದ ಅಬ್ರಾಮ್ತ್ಸೆವೊದಲ್ಲಿದ್ದ ಅವರ ಮನೆಗೆ ಕಲಾವಿದರು ಬಂದು ಉಳೀತಿದ್ದರು. ಸೆರೋವ್ ಕೂಡ ಚಿಕ್ಕವನಿದ್ದಾಗಿಂದ ಆ ಮನೆಗೆ ಬರ್ತಿದ್ದವನೇ. ಈ ಚಿತ್ರ ಬರೆದಾಗ ಅವನಿಗೆ 22 ವರ್ಷ. ಕಲಾ ಅಕಾಡೆಮಿಯ ಓದನ್ನು ಅರ್ಧಕ್ಕೇ ಬಿಟ್ಟಿದ್ದ.

ಅಷ್ಟು ದಿನ ಯಾಕೆ ಬೇಕಾಯಿತು? ಚಿತ್ರದಲ್ಲಿ ಬೆಳಕು ಎಲ್ಲಿಂದ ಬರ್ತಿದೆ ನೋಡಿ. ವೆರಾಳ ಬೆನ್ನ ಹಿಂದೆ ಕಿಟಕಿ ಇದೆ. ಕಿಟಕಿಗೆ ಬೆನ್ನು ಹಾಕಿ ನಿಂತವರ ಫೋಟೋ ತೆಗೆದರೆ ಮುಖ ಕಪ್ಪಾಗುತ್ತೆ ಅಂತ ನಮಗೆಲ್ಲ ಗೊತ್ತು. ಸೆರೋವ್ ಮುಖವನ್ನು ಕಪ್ಪು ಮಾಡಲಿಲ್ಲ. ನೆರಳು ಅಂದರೆ ಬೆಳಕೇ ಇಲ್ಲದ ಜಾಗ ಅಲ್ಲ. ಸುತ್ತಲಿನ ವಸ್ತುಗಳಿಗೆ ತಾಗಿ ಚದುರಿದ ಬೆಳಕು ಅಲ್ಲಿಗೂ ತಲುಪುತ್ತೆ, ಬರುವಾಗ ಆ ವಸ್ತುಗಳ ಬಣ್ಣವನ್ನೂ ಸ್ವಲ್ಪ ತರುತ್ತೆ. ಅದಕ್ಕೇ ಮೇಜಿನ ಮೇಲಿನ 'ಬಿಳಿ' ಬಟ್ಟೆಯನ್ನು ಹತ್ತಿರದಿಂದ ನೋಡಿದರೆ ಅಚ್ಚ ಬಿಳಿ ಸಿಗೋದು ಕಷ್ಟ. ನೀಲಿ ಇದೆ, ಬೂದು ಇದೆ, ನಸುಗೆಂಪು ಇದೆ. ಎರಡು ಹೆಜ್ಜೆ ಹಿಂದೆ ಹೋದರೆ ಎಲ್ಲಾ ಸೇರಿ ಮತ್ತೆ ಬಿಳಿ!

ಕಿಟಕಿಯ ಬೆಳಕೋ ಗಂಟೆಗಂಟೆಗೂ ಬದಲಾಗುತ್ತೆ. ಹಣ್ಣು ಬಾಡುತ್ತೆ. ಮಗುವಿಗೆ ಬೇಜಾರಾಗುತ್ತೆ. ಇಷ್ಟೆಲ್ಲದರ ನಡುವೆ ಮೊದಲ ದಿನ ಕಂಡ ತಾಜಾತನವನ್ನು ಕೊನೆಯ ದಿನದವರೆಗೂ ಕೈಬಿಡದೆ ಉಳಿಸಿಕೊಳ್ಳಬೇಕು. ಸೆರೋವ್ ಗೆದ್ದದ್ದು ಅಲ್ಲಿ. ವಾಸ್ತವವಾದ ಅಂದರೆ ಕಂಡಿದ್ದನ್ನು ಹಾಗೇ ಕಾಪಿ ಮಾಡೋದು ಅಂತ ನಾನು ಅಂದುಕೊಂಡಿದ್ದೆ. ಈ ಚಿತ್ರದಲ್ಲಿರುವಂಥ ಕ್ಷಣ ಒಂದು ದಿನವೂ ಪೂರ್ತಿಯಾಗಿ ಇದೇ ರೂಪದಲ್ಲಿ ನಡೆದಿರಲಿಕ್ಕಿಲ್ಲ. ಎಷ್ಟೋ ದಿನ ನೋಡಿದ್ದನ್ನು ಸೇರಿಸಿ ಕಟ್ಟಿದ ಒಂದು ಕ್ಷಣ ಇದು. ಆದರೂ ಸುಳ್ಳು ಅನ್ನಿಸೋದಿಲ್ಲ.

ವೆರಾ 1907ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಳು, ಆಗ ಅವಳಿಗೆ 32 ವರ್ಷ. ಮೂವರು ಪುಟ್ಟ ಮಕ್ಕಳಿದ್ದರು. ನಾಲ್ಕು ವರ್ಷಕ್ಕೆ ಸೆರೋವ್ ಕೂಡ ಹೋದ. ಚಿತ್ರ ಈಗ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿದೆ. ಅಲ್ಲಿ ವೆರಾ ಇನ್ನೂ ಆ ಹಣ್ಣನ್ನು ತಿಂದಿಲ್ಲ. ಈ ಚಿತ್ರದ ಹೆಸರು ಹೇಳುವಾಗ ನಾವು ಸೆರೋವ್‌ನನ್ನು ಹೊಗಳ್ತೀವಿ. ಆಟ ಬಿಟ್ಟು ದಿನಾ ಬಂದು ಕೂತ ಆ ಹುಡುಗಿಗೂ ಒಂದು ಥ್ಯಾಂಕ್ಸ್ ಹೇಳಬೇಕು.